ಹೈಫಾದಲ್ಲಿ ಬರೆದುಕೊಂಡ ವಾಕ್ಯಗಳು

ಸುಚಿತ್ರಾಳಿಗೆ ಹೀಬ್ರೂ ಭಾಷೆ ಬರುತ್ತದೆ ಎಂಬುದು ಅಂಕನದೊಡ್ಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಇಸ್ರೇಲಿನ ಹೈಫಾ ಎಂಬ ಊರಿನಲ್ಲಿ ಐದು ವರ್ಷ ಒಬ್ಬ ಮುದುಕಿಯ ಆರೈಕೆ ಮಾಡಿಕೊಂಡಿದ್ದು, ೨೦೦೬ರಲ್ಲಿ ವಾಪಸು ಬಂದವಳು ಅವಳು. ಮದುವೆ ಮನೆಯಲ್ಲೋ ನಾಮಕರಣದಲ್ಲೋ ಯಾರಾದರೂ "ಆ ಭಾಷೇಲಿ ಏನಾರ ಒಂದ್ ಮಾತಾಡವ್ವ" ಎಂದರೆ ನಮಸ್ಕಾರಕ್ಕೆ "ಶಲೋಮ್" ಎನ್ನುವಳು, ಥ್ಯಾಂಕ್ಸಿಗೆ "ತೋದಾ" ಎನ್ನುವಳು. ಮಕ್ಕಳು ನಗುತ್ತಿದ್ದವು. ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಬರುವುದು ಅಡುಗೆಮನೆಯ, ಬಚ್ಚಲಿನ, ಔಷಧಿ ಡಬ್ಬಿಯ ಹೀಬ್ರೂ ಅಷ್ಟೇ ಎಂದು ಜನ ತಿಳಿದಿದ್ದರು. ಅವಳೂ ಹಾಗೆಯೇ ಹೇಳಿಕೊಂಡಿದ್ದಳು.

ಗಂಡ ಮಹೇಂದ್ರನಿಗೆ ಅಷ್ಟು ಸಾಲದು. ಅವನು ಬಿಡದಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಪೈಪ್ ಕಾರ್ಖಾನೆಗೆ ತನ್ನ ಟಾಟಾ ಸುಮೋ ಬಿಟ್ಟಿದ್ದ. ಇಂಜಿನಿಯರುಗಳನ್ನು ಬೆಂಗಳೂರಿನಿಂದ ಕರೆತರುವುದು, ಸಂಜೆ ಬಿಟ್ಟುಬರುವುದು ಅವನ ಕೆಲಸ. ಟೀ ಅಂಗಡಿಯ ಮುಂದೆ ಕಾಯುತ್ತ ನಿಂತಾಗ ಹೆಂಡತಿಯ ಮಾತು ಬಂದರೆ ಅವನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. "ನಮ್ಮನೆಯೋಳಿಗೆ ಆ ಭಾಷೆ ನೀರು ಕುಡಿದಂಗೆ ಕಣ್ಲಾ" ಎನ್ನುತ್ತಿದ್ದ.

೨೦೦೮ರ ಆಗಸ್ಟಿನಲ್ಲಿ ಒಂದು ದಿನ ಮಧ್ಯಾಹ್ನ ಅವನು ಊಟದ ಹೊತ್ತಿಗೇ ಮನೆಗೆ ಬಂದ. ಜೊತೆಯಲ್ಲಿ ಕಾರ್ಖಾನೆಯ ಪರ್ಸನೆಲ್ ಆಫೀಸರ್ ಕೆಂಪರಾಜು ಇದ್ದರು. ಹನಿ ನೀರಾವರಿಯ ಪೈಪು ಮಾಡುವ ಹೊಸ ಯಂತ್ರ ಕೂರಿಸಲು ಇಸ್ರೇಲಿನಿಂದ ಒಬ್ಬ ಟೆಕ್ನಿಷಿಯನ್ ಬಂದಿದ್ದಾನೆ, ಹೆಸರು ಯೋರಾಮ್, ನಾಲ್ಕು ದಿನದಿಂದ ಗೆಸ್ಟ್ ಹೌಸಿನ ರೂಮು ಬಿಟ್ಟು ಈಚೆಗೆ ಬಂದಿಲ್ಲ, ಸರಿಯಾಗಿ ಊಟ ಮಾಡಿಲ್ಲ ಎಂದು ಕೆಂಪರಾಜು ಹೇಳಿದರು.

"ಜ್ವರ ಇಲ್ಲ, ಏನಿಲ್ಲ. ಫಿಸಿಷಿಯನ್ ನೋಡಿದ್ರು. ರಾಮನಗರದಲ್ಲಿ ಗಂಗಹನುಮಯ್ಯ ಡಾಕ್ಟ್ರ ಹತ್ರ ತೋರಿಸಿ ಅಂದ್ರು. ಅವನಿಗೆ ಇಂಗ್ಲಿಷ್ ಬರೋದು ಮೆಷಿನ್ ವಿಷಯಕ್ಕೆ ಮಾತ್ರ. ಬೋಲ್ಟು, ಪ್ರೆಶರ್ರು, ಟೆಂಪರೇಚರ್ರು. ಈಗ ಅದನ್ನೂ ಮಾತಾಡ್ತಿಲ್ಲ. ನೀವು ಒಂದರ್ಧ ಗಂಟೆ ಬಂದು ಡಾಕ್ಟ್ರ ಮುಂದೆ ಕೂತ್ರೆ ಸಾಕಮ್ಮ."

ಗಂಗಹನುಮಯ್ಯ ಡಾಕ್ಟರ ಹೆಸರು ಕೇಳಿದ ಕೂಡಲೇ ಸುಚಿತ್ರಾ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅವರ ಬೋರ್ಡಿನ ಮೇಲೆ 'ನರ ಮತ್ತು ಮನೋರೋಗ ತಜ್ಞರು' ಎಂದಿತ್ತು. ಹೋಗುವವರೆಲ್ಲ ನರಕ್ಕೆ ಹೋಗಿದ್ದೆವು ಎನ್ನುತ್ತಿದ್ದರು.

"ನಂಗೆ ಅಷ್ಟೆಲ್ಲ ಬರಕಿಲ್ಲ ಸಾರ್" ಎಂದಳು.

"ಏ, ಬತ್ತದೆ ಬತ್ತದೆ" ಎಂದ ಮಹೇಂದ್ರ. "ಸುಮ್ನೆ ಸಂಕೋಚ ಅವಳಿಗೆ."

ಗೋಡೆಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಅಂಕಮ್ಮ ತಲೆಯೆತ್ತಿ, "ಪರದೇಸಿ ಮನ್ಸ, ಹೋಗಿ ಬಾರವ್ವ" ಎಂದರು. ಇಲ್ಲ ಎನ್ನಲು ಸುಚಿತ್ರಾಳಿಗೆ ಕಾರಣವೇ ಉಳಿಯಲಿಲ್ಲ.

ಕಾರಣ ಇತ್ತು. ಅದನ್ನು ಆ ಮನೆಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ.

ಹೈಫಾಕ್ಕೆ ಹೋದ ಎರಡನೆಯ ವರ್ಷ ಅವಳಿಗೆ ನಿದ್ದೆ ಹೋಯಿತು. ಮಗಳು ಸಿರಿಯನ್ನು ಮೂರು ವರ್ಷದವಳಿದ್ದಾಗ ಅತ್ತೆಯ ಮಡಿಲಿಗೆ ಹಾಕಿ ಹೋಗಿದ್ದಳು. ವಾರಕ್ಕೊಮ್ಮೆ ಫೋನ್ ಮಾಡುವಾಗ ಮಗು ಮೊದಮೊದಲು ಅಳುತ್ತಿತ್ತು, ಆಮೇಲೆ ಮಾತಾಡುತ್ತಿತ್ತು. ಒಂದು ಭಾನುವಾರ, "ಫೋನಮ್ಮ ಮಾಡವ್ಳೆ, ಅವ್ವಾ, ತಗೋ" ಎಂದು ರಿಸೀವರನ್ನು ಅಜ್ಜಿಯ ಕೈಗೆ ಕೊಟ್ಟು ಓಡಿತು. ಅವ್ವ ಎಂದರೆ ಅಂಕಮ್ಮ. ತಾನು ಫೋನಮ್ಮ. ಅಂಕಮ್ಮ ನಕ್ಕರು, ಸುಚಿತ್ರಾಳೂ ನಕ್ಕಳು. ಅದಾದ ಮೇಲೆ ದಿನವೂ ಬೆಳಗ್ಗೆ ಹಾಸಿಗೆಯಿಂದ ಏಳುವುದು ಕಷ್ಟವಾಗುತ್ತ ಹೋಯಿತು. ಅನ್ನ ಬೇಯಿಸಲು ಇಟ್ಟು ಒಲೆಯ ಮುಂದೆ ನಿಂತೇ ಇರುತ್ತಿದ್ದಳು. ತಳ ಹತ್ತಿದ ವಾಸನೆ ಮುದುಕಿಯ ಕೋಣೆಗೆ ಹೋದರೂ ಅವಳ ಮೂಗಿಗೆ ಬರುತ್ತಿರಲಿಲ್ಲ. ಬಾಲ್ಕನಿಗೆ ಬಟ್ಟೆ ಒಣಹಾಕಲು ಹೋದಾಗ ಕೆಳಗೆ ಬಗ್ಗಿ ನೋಡುವ ಅಭ್ಯಾಸವಾಯಿತು.

ಮುದುಕಿಯ ಹೆಸರು ಮಿರಿಯಮ್. ಎಂಬತ್ತನಾಲ್ಕು ವರ್ಷ, ನಿವೃತ್ತ ಶಾಲಾ ಶಿಕ್ಷಕಿ, ವಾಕರ್ ಇಲ್ಲದೆ ಹತ್ತು ಹೆಜ್ಜೆ ಹಾಕಲಾರಳು. ಬಟ್ಟೆ ಒಣಹಾಕುವ ಕೆಲಸವನ್ನು ಒಂದು ದಿನ ಇದ್ದಕ್ಕಿದ್ದಂತೆ ಸುಚಿತ್ರಾಳ ಕೈಯಿಂದ ತೆಗೆದುಬಿಟ್ಟಳು. ಆಮೇಲೆ ಒಬ್ಬ ಮನೋರೋಗದ ಡಾಕ್ಟರಿಗೆ ಫೋನ್ ಮಾಡಿ ಒಂದು 'ತೋರ್' ತೆಗೆದುಕೊಂಡಳು. ಡಾಕ್ಟರ ಹತ್ತಿರ ಗೊತ್ತುಮಾಡಿಕೊಳ್ಳುವ ಹೊತ್ತಿಗೆ ಅಲ್ಲಿ ತೋರ್ ಎನ್ನುತ್ತಾರೆ. ಹನ್ನೊಂದು ದಿನದ ಆಚೆಗೆ ಸಿಕ್ಕಿತು. ಆ ಹನ್ನೊಂದು ಸಂಜೆಯೂ ಮಿರಿಯಮ್ ಅವಳನ್ನು ಊಟದ ಮೇಜಿಗೆ ಕೂರಿಸಿಕೊಂಡು ಪಾಠ ಹೇಳಿದಳು.

"ನೀನು ಒಳಗೆ ಹೋಗ್ತೀಯ. ಅವನು ಕೇಳ್ತಾನೆ. ನಿನಗೆ ನಾಚಿಕೆಯಾಗುತ್ತೆ. ನಾಚಿಕೆಯಾದಾಗ ಮಾತು ಮರೆತುಹೋಗುತ್ತೆ. ಅದಕ್ಕೇ ಬರೆದುಕೋ."

ಸುಚಿತ್ರಾ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಮೊದಲನೆಯ ವಾಕ್ಯ 'ಅನಿ ಮಿತ್‌ಬಯೆಶೆತ್', ನನಗೆ ನಾಚಿಕೆಯಾಗುತ್ತಿದೆ. ಇದನ್ನು ಮೊದಲು ಹೇಳಿಬಿಡು, ಆಮೇಲೆ ಡಾಕ್ಟರು ನಿನಗಾಗಿ ಕಾಯುತ್ತಾರೆ ಎಂದಿದ್ದಳು ಮಿರಿಯಮ್. 'ಅನಿ ಲೋ ಯೆಶೇನಾ', ನನಗೆ ನಿದ್ದೆಯಿಲ್ಲ. 'ಏನ್ ಲೀ ಕೋಆಖ್', ನನ್ನಲ್ಲಿ ಶಕ್ತಿಯಿಲ್ಲ; ಇದರಲ್ಲಿ 'ಏನ್' ಅಂದರೆ ಇಲ್ಲ ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡಳು. ನಿಧಾನವಾಗಿ ಮಾತಾಡಿ, ಈ ಮಾತ್ರೆ ಎಷ್ಟು ದಿನ, ಊರಿನವರಿಗೆ ತಿಳಿಸುತ್ತೀರಾ ಎಂಬಂಥವೂ ಇದ್ದವು. ಊರಿನವರ ವಾಕ್ಯವನ್ನು ಹೇಳಿಕೊಡುವ ಮುಂಚೆ ಮಿರಿಯಮ್ ಬಹಳ ಹೊತ್ತು ಕನ್ನಡಕ ಒರೆಸಿದ್ದಳು. ಕೊನೆಯದನ್ನು ಹೇಳಿಕೊಡುವಾಗ ಮುದುಕಿ ಪುಸ್ತಕದ ಕಡೆ ನೋಡದೆ ಅವಳ ಮುಖ ನೋಡುತ್ತಿದ್ದಳು. 'ಅನಿ ಲೋ ರೊತ್ಸಾ ಲಿಖ್ಯೋತ್.' ನನಗೆ ಬದುಕಲು ಇಷ್ಟವಿಲ್ಲ. "ನಿಜವಾಗಿದ್ದರೆ ಮಾತ್ರ ಹೇಳು" ಎಂದಳು. ಸುಚಿತ್ರಾ ಆ ಡಾಕ್ಟರ ಕೋಣೆಯಲ್ಲಿ ಅದನ್ನು ಹೇಳಿದಳು. ಒಂದು ವರ್ಷ ಮಾತ್ರೆ ನುಂಗಿದಳು, ವಾಸಿಯಾದಳು. ಊರಿಗೆ ಬಂದಾಗ ಆ ನೋಟ್‌ಬುಕ್ಕನ್ನು ಟ್ರಂಕಿನಲ್ಲಿ ಸೀರೆಗಳ ತಳಕ್ಕೆ ಹಾಕಿದಳು. ಒಮ್ಮೆ ಮಹೇಂದ್ರ ಕೈಗೆತ್ತಿಕೊಂಡು ಇದೇನು ಎಂದಾಗ ಅಲ್ಲಿಯ ಅಡುಗೆ ಎಂದಿದ್ದಳು.

ಗೆಸ್ಟ್ ಹೌಸಿನಲ್ಲಿ ಯೋರಾಮ್ ಮಂಚದ ತುದಿಯಲ್ಲಿ ಕೂತಿದ್ದ. ಐವತ್ತು ದಾಟಿದ, ದೊಡ್ಡ ಕೈಗಳ ಮನುಷ್ಯ. ಗಡ್ಡ ಬೆಳೆದಿತ್ತು. ಮೇಜಿನ ಮೇಲಿದ್ದ ತಟ್ಟೆ ಇಡ್ಲಿಯ ಅಂಚು ಒಣಗಿ ಬಿರಿದಿತ್ತು. ಸುಚಿತ್ರಾ ಬಾಗಿಲಲ್ಲಿ ನಿಂತು ಅವನ ಭಾಷೆಯಲ್ಲಿ, "ನನ್ನ ಹೆಸರು ಸುಚಿತ್ರಾ, ನಾನು ಹೈಫಾದಲ್ಲಿದ್ದೆ, ಡಾಕ್ಟರ ಹತ್ತಿರ ನಿಮ್ಮ ಜೊತೆ ಬರುತ್ತೇನೆ" ಎಂದಳು. ಅವನು ಬಹಳ ಹೊತ್ತು ಅವಳನ್ನು ನೋಡಿ, ಆಮೇಲೆ ಶೂ ಹುಡುಕಲು ಬಗ್ಗಿದ. ಲೇಸು ಕಟ್ಟಲು ಅವನಿಗೆ ಆಗಲಿಲ್ಲ. ಮಹೇಂದ್ರ ಮಂಡಿಯೂರಿ ಕೂತು ಕಟ್ಟಿದ.

ದಾರಿಯುದ್ದಕ್ಕೂ ಯೋರಾಮ್ ಕಿಟಕಿಯಾಚೆ ಬಂಡೆ ಬೆಟ್ಟಗಳನ್ನು ನೋಡುತ್ತಿದ್ದ. ರಾಮನಗರ ಬರುವ ಮುಂಚೆ ಒಂದೇ ಒಂದು ಮಾತು ಹೇಳಿದ. ಮಾರ್ಚಿನಲ್ಲಿ ಹೆಂಡತಿ ತೀರಿಕೊಂಡಳಂತೆ. ಸುಚಿತ್ರಾ ಅದನ್ನು ಮುಂದಿನ ಸೀಟಿನವರಿಗೆ ಕನ್ನಡದಲ್ಲಿ ಹೇಳಿದಳು. "ಅಯ್ಯೋ ಪಾಪ" ಎಂದರು ಕೆಂಪರಾಜು. "ಅದಕ್ಕೇ ಬೇಜಾರು ಮಾಡ್ಕೊಂಡವ್ರೆ. ಸರಿ ಹೋಗುತ್ತೆ."

ಡಾಕ್ಟರ ಕೋಣೆ ಚಿಕ್ಕದು. ಕೆಂಪರಾಜು ಒಂದು ಕುರ್ಚಿಯಲ್ಲಿ, ಯೋರಾಮ್ ಒಂದರಲ್ಲಿ, ಸುಚಿತ್ರಾ ಒಂದರಲ್ಲಿ ಕೂತರು. ಮಹೇಂದ್ರ ಗೋಡೆಗೆ ಒರಗಿ ನಿಂತ. ಹೆಂಡತಿ ಪರಭಾಷೆ ಮಾತಾಡುವುದನ್ನು ನೋಡಬೇಕೆಂದೇ ಅವನು ಒಳಗೆ ಬಂದಿದ್ದ, ಮುಖದಲ್ಲಿ ಅದು ಕಾಣುತ್ತಿತ್ತು. ಗಂಗಹನುಮಯ್ಯ ಅರವತ್ತರ ಹತ್ತಿರದವರು, ತಗ್ಗಿದ ದನಿಯವರು. ನಿದ್ದೆ ಹೇಗಿದೆ, ಊಟ ಹೇಗಿದೆ, ಎಷ್ಟು ದಿನದಿಂದ ಎಂದು ಒಂದೊಂದಾಗಿ ಕೇಳಿದರು. ಸುಚಿತ್ರಾ ಅವನ್ನು ತಿರುಗಿಸಿ ಹೇಳಿದಳು, ಉತ್ತರವನ್ನು ತಿರುಗಿಸಿ ಹೇಳಿದಳು. ಎಲ್ಲ ಸಲೀಸಾಗಿತ್ತು. ಮಹೇಂದ್ರ ಕೆಂಪರಾಜುವಿನ ಕಡೆ ನೋಡಿ ಕಣ್ಣಲ್ಲೇ ಹೆಮ್ಮೆಪಟ್ಟ.

ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು, "ಸಾಯ್ಬೇಕು ಅಂತ ಯೋಚನೆ ಏನಾದ್ರೂ ಬರುತ್ತಾ ಕೇಳಮ್ಮ" ಎಂದರು.

ಅದನ್ನು ಹೀಬ್ರೂವಿನಲ್ಲಿ ಹೇಗೆ ಕೇಳಬೇಕೆಂದು ಸುಚಿತ್ರಾಳಿಗೆ ಗೊತ್ತಿತ್ತು. ಬೇರೆ ಎಲ್ಲ ವಾಕ್ಯಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದಳು. ಇದನ್ನು ನೀನು ಎಲ್ಲಿ ಕಲಿತೆ ಎಂದು ಮಹೇಂದ್ರ ರಾತ್ರಿ ಕೇಳಿದರೆ? ಬಚ್ಚಲಲ್ಲಿ ಕಲಿತೆ ಎನ್ನಬೇಕೇ, ಅಡುಗೆಮನೆಯಲ್ಲಿ ಎನ್ನಬೇಕೇ? ಅವಳ ಕೆನ್ನೆ ಸುಟ್ಟಿತು. "ತುಂಬಾ ದಣಿದಿದ್ದೀರಾ ಅಂತ ಕೇಳುತ್ತಿದ್ದಾರೆ" ಎಂದಳು ಯೋರಾಮನಿಗೆ.

ಯೋರಾಮ್ ತಲೆಯಾಡಿಸಿದ. ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತ, ಯಾರೂ ಕೇಳದ ಪ್ರಶ್ನೆಗೆ ತಾನೇ ಉತ್ತರ ಕೊಟ್ಟ. "ಅನಿ ಲೋ ರೊತ್ಸೆ ಲಿಖ್ಯೋತ್" ಎಂದ. ಅವಳ ನೋಟ್‌ಬುಕ್ಕಿನ ಕೊನೆಯ ವಾಕ್ಯವೇ, ಗಂಡಸು ಹೇಳುವ ರೂಪದಲ್ಲಿ. ಹೆಚ್ಚು ದುಃಖವೇನೂ ಇರಲಿಲ್ಲ ದನಿಯಲ್ಲಿ, ಹೊತ್ತು ಎಷ್ಟಾಯಿತು ಎಂದು ಹೇಳಿದ ಹಾಗಿತ್ತು.

"ಏನಂದ್ರು?" ಎಂದರು ಡಾಕ್ಟರು.

"ಇಲ್ಲಿರೋಕೆ ಇಷ್ಟ ಇಲ್ವಂತೆ" ಎಂದಳು ಸುಚಿತ್ರಾ. "ಊರಿಗೆ ಹೋಗ್ಬೇಕು ಅಂತವ್ರೆ."

"ನಾನು ಹೇಳ್ಲಿಲ್ವಾ ಸರ್" ಎಂದರು ಕೆಂಪರಾಜು ಹಗುರಾಗಿ. "ಮನೆ ನೆನಪು."

ಡಾಕ್ಟರು ಯೋರಾಮನ ಮುಖವನ್ನು ಒಂದು ಗಳಿಗೆ ನೋಡಿದರು, ಸುಚಿತ್ರಾಳನ್ನೂ ನೋಡಿದರು. "ಅಷ್ಟೇನಾ?" ಎಂದರು. "ಅಷ್ಟೇ ಸಾರ್" ಎಂದಳು. ಮಾತ್ರೆ ಬರೆದು, ಗೆಸ್ಟ್ ಹೌಸಿನ ವಾಚ್‌ಮನ್ನೇ ಒಂದೊಂದಾಗಿ ಕೊಡಲಿ, ವಾರ ಬಿಟ್ಟು ಬನ್ನಿ, ಆದಷ್ಟು ಬೇಗ ಊರಿಗೆ ಕಳಿಸುವ ಏರ್ಪಾಡು ಮಾಡಿ ಎಂದರು. ಕೆಂಪರಾಜು ಯಂತ್ರದ ಟ್ರಯಲ್ ಮುಗಿಯಲು ಹತ್ತು ದಿನ ಬೇಕೆಂದು ಲೆಕ್ಕ ಹಾಕುತ್ತ ಮೆಟ್ಟಿಲಿಳಿದರು.

ಅಂದು ಸಂಜೆ ಮಹೇಂದ್ರ ಮನೆಯವರ ಮುಂದೆ ಹೆಂಡತಿ ಮಾತಾಡಿದ ವೈಖರಿಯನ್ನು ಅಭಿನಯಿಸಿ ತೋರಿಸಿದ. ಮಾವ ಮುನಿರಾಮಯ್ಯ ಬೀಡಿ ಆರಿಸಿ ಕೇಳಿದರು. ಈಗ ಹತ್ತು ವರ್ಷದವಳಾಗಿದ್ದ ಸಿರಿ "ಅಮ್ಮ, ಡಾಕ್ಟ್ರಿಗೆ ನೀನೇ ಎಲ್ಲ ಹೇಳ್ಕೊಟ್ಯಾ?" ಎಂದಳು. ಸುಚಿತ್ರಾ ಹಸು ಕಟ್ಟಿಲ್ಲವೆಂಬ ನೆಪ ಹೇಳಿ ಎದ್ದುಹೋದಳು.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಟ್ರಂಕು ತೆರೆದು ನೋಟ್‌ಬುಕ್ಕನ್ನು ತೆಗೆದಳು. ಕೊನೆಯ ವಾಕ್ಯದ ಮುಂದೆ ಬೆರಳಿಟ್ಟು ಕೂತಳು. ತಾನು ಹೀಗೆ ಹೇಳಿದ ದಿನ ಆ ಡಾಕ್ಟರು ಏನು ಮಾಡಿದ್ದರು? ಬಾಗಿಲು ಹಾಕಿ, ಫೋನ್ ತೆಗೆದಿಟ್ಟು, ಒಂದು ಗಂಟೆ ಕೂತಿದ್ದರು. ಮಿರಿಯಮ್ಮಳನ್ನು ಒಳಗೆ ಕರೆದು ಇವಳೊಬ್ಬಳನ್ನೇ ಬಿಡಬೇಡಿ ಎಂದಿದ್ದರು. ವಾಕರ್ ಹಿಡಿದ ಆ ಮುದುಕಿ ಒಂದು ವಾರ ತನ್ನ ಮಂಚವನ್ನೇ ಇವಳ ಕೋಣೆಗೆ ಹಾಕಿಸಿಕೊಂಡಿದ್ದಳು. ಆ ಮನುಷ್ಯ ಈಗ ಗೆಸ್ಟ್ ಹೌಸಿನಲ್ಲಿ ಒಬ್ಬನೇ ಇದ್ದಾನೆ.

ಕ್ಲಿನಿಕ್ಕಿನಿಂದ ತಂದಿದ್ದ ಕಾರ್ಡಿನಲ್ಲಿ ಡಾಕ್ಟರ ನಂಬರಿತ್ತು. ಎರಡು ಸಲ ಒತ್ತಿದಳು. ಮೊದಲ ಸಲ ಎಂಗೇಜ್ ಬಂತು. ಎರಡನೆಯ ಸಲ ಡಾಕ್ಟರ ಕ್ಲಿನಿಕ್ಕಿನ ಹುಡುಗಿ ಹಫೀಜಾ ತೆಗೆದು, "ಯಾರು ಮಾತಾಡೋದು? ಹೆಸರು ಹೇಳಿ" ಎಂದಳು. ಸುಚಿತ್ರಾ ಇಟ್ಟುಬಿಟ್ಟಳು. ನಾಳೆ ಮಾಡಿದರಾಯಿತು ಎಂದುಕೊಂಡಳು. ನಾಳೆ ಸಿರಿಯ ಸ್ಕೂಲಿನಲ್ಲಿ ಮೀಟಿಂಗ್ ಇತ್ತು.

ಮೀಟಿಂಗಿನ ಮಾರನೆಯ ಬೆಳಗ್ಗೆ ಎಂಟಕ್ಕೆ ಮಹೇಂದ್ರನ ಫೋನ್ ಬಂತು.

"ಆವಯ್ಯ ರೈಲು ಕಂಬಿ ಮ್ಯಾಲೆ ಹೋಗಿ ಕೂತ್ಬುಟ್ಟಿದ್ದ ಕಣೆ" ಎಂದ. "ಏನೂ ಆಗಿಲ್ಲ. ಬೋರಮ್ಮ ಎಳ್ಕಂಡ್ಳು. ಡಾಕ್ಟ್ರ ತಾವ ಕರ್ಕಂಡು ಹೋಗ್ತಾವ್ರೆ. ನೀನು ರೆಡಿಯಾಗಿರು, ಬತ್ತೀನಿ."

ಬೋರಮ್ಮ ಬಿಡದಿ ಸ್ಟೇಷನ್ನಿನಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ದಿನವೂ ಬೆಂಗಳೂರಿನ ಪ್ಯಾಸೆಂಜರ್ ಹತ್ತುವವಳು. ಪ್ಲಾಟ್‌ಫಾರಂ ಮುಗಿದ ಮೇಲೆ ಆಚೆ ಒಬ್ಬ ಬಿಳಿಯ ಕಂಬಿಯ ಮೇಲೆ ಕೂತಿದ್ದನ್ನು ನೋಡಿ ಮೊದಲು ಕುಡಿದಿದ್ದಾನೆ ಎಂದುಕೊಂಡಳಂತೆ. ಸಿಗ್ನಲ್ ಬಿದ್ದಮೇಲೂ ಏಳಲಿಲ್ಲ. ಕುಕ್ಕೆ ಬಿಸಾಕಿ ಓಡಿಹೋಗಿ, "ಬಾರಪ್ಪ ಈಚೆಗೆ, ಬಾರಪ್ಪ" ಎನ್ನುತ್ತ ಕೈ ಹಿಡಿದು ಎಳೆದಳಂತೆ. ಅವನು ಮಗುವಿನಂತೆ ಎದ್ದು ಬಂದನಂತೆ. ಸುಚಿತ್ರಾ ಸುಮೋದಲ್ಲಿ ಇದನ್ನೆಲ್ಲ ಕೇಳುತ್ತಿದ್ದಾಗ ಅವಳ ಕೈ ಸೀರೆಯ ಸೆರಗನ್ನು ಸುತ್ತಿ ಸುತ್ತಿ ಹಗ್ಗದಂತೆ ಮಾಡಿತ್ತು. ಬೋರಮ್ಮನಿಗೆ ಯೋರಾಮನ ಭಾಷೆಯ ಒಂದು ಮಾತೂ ಗೊತ್ತಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಹಫೀಜಾ ಇವರನ್ನು ಎಲ್ಲರಿಗಿಂತ ಮುಂಚೆ ಒಳಗೆ ಬಿಟ್ಟಳು. ಯೋರಾಮನ ಪ್ಯಾಂಟಿನ ಮಂಡಿಯ ಮೇಲೆ ಗ್ರೀಸಿನ ಕಲೆಯಿತ್ತು. ಕೆಂಪರಾಜುವಿನ ಮುಖ ಬಿಳಿಚಿಕೊಂಡಿತ್ತು. ಮಹೇಂದ್ರ ಈ ಸಲ ಬಾಗಿಲ ಹತ್ತಿರವೇ ನಿಂತ.

ಡಾಕ್ಟರು ಸುಚಿತ್ರಾಳಿಗೆ, "ನಾನು ಕೇಳಿದ್ದನ್ನ ಹಾಗೇ ಕೇಳಿ. ಮೆತ್ತಗೆ ಮಾಡ್ಬೇಡಿ, ಸೇರಿಸ್ಬೇಡಿ, ಬಿಡ್ಬೇಡಿ" ಎಂದರು. "ಸಾಯೋ ಯೋಚನೆ ಬರ್ತಿದೆಯಾ ಕೇಳಿ."

ಅವಳು ಕೇಳಿದಳು. ಈ ಸಲ ಒಂದಕ್ಷರವನ್ನೂ ಬಿಡಬಾರದೆಂದು ಗಟ್ಟಿ ಮಾಡಿಕೊಂಡು ಕೇಳಿದಳು. "ಯೆಶ್ ಲಾಖ್ ಮಖ್ಶವೋತ್ ಅಲ್ ಮಾವೆತ್?"

ಯೋರಾಮ್ ತಲೆಯೆತ್ತಿದ. "ಲೆಖಾ" ಎಂದ ಮೆಲ್ಲಗೆ, ಮಗುವಿನ ತಪ್ಪು ತಿದ್ದುವ ಹಾಗೆ.

ಕನ್ನಡದಲ್ಲಿ ನಿನಗೆ ಎಂದರೆ ಗಂಡಸಿಗೂ ಅದೇ, ಹೆಂಗಸಿಗೂ ಅದೇ. ಹೀಬ್ರೂವಿನಲ್ಲಿ ಹಾಗಲ್ಲ. ಗಂಡಸನ್ನು ಕೇಳುವಾಗ 'ಲೆಖಾ' ಎನ್ನಬೇಕು, ಹೆಂಗಸನ್ನು ಕೇಳುವಾಗ 'ಲಾಖ್'. ಮೊದಲ ದಿನ ನಿದ್ದೆ, ಊಟದ ಪ್ರಶ್ನೆಗಳನ್ನೆಲ್ಲ ಅವಳು ಗಂಡಸನ್ನು ಕೇಳುವಂತೆ ಸರಿಯಾಗಿಯೇ ಕೇಳಿದ್ದಳು. ಈ ಒಂದು ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿದವಳಲ್ಲ. ಕೇಳಿಸಿಕೊಂಡವಳು. ಕಿವಿಗೆ ಬಿದ್ದ ಹಾಗೆಯೇ ಅದು ಬಾಯಿಗೆ ಬಂದುಬಿಟ್ಟಿತ್ತು.

ಯೋರಾಮ್ ಅವಳ ಮುಖವನ್ನೇ ನೋಡುತ್ತಿದ್ದ. ಅಷ್ಟು ದಿನದಲ್ಲಿ ಮೊದಲ ಸಲ ಅವನ ಕಣ್ಣು ಒಂದು ಕಡೆ ನಿಂತಿತು. "ಮೀ ಶಾಅಲ್ ಒತಾಖ್?" ಎಂದ.

"ಏನಂದ್ರು?" ಎಂದರು ಡಾಕ್ಟರು.

ಗೋಡೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿತ್ತು. ಬೆನ್ನ ಹಿಂದೆ ಮಹೇಂದ್ರನ ಉಸಿರು ಕೇಳುತ್ತಿತ್ತು.

"ಏನಂದ್ರು ಹೇಳಮ್ಮ. ಬಿಡ್ಬೇಡಿ ಅಂದೆ."

"ಈ ಪ್ರಶ್ನೇನ ನಿಮ್ಮನ್ನ ಯಾರು ಕೇಳಿದ್ರು ಅಂತವ್ರೆ" ಎಂದಳು. ತಲೆ ತಗ್ಗಿಸಿಕೊಂಡೇ ಮುಂದುವರಿಸಿದಳು. "ಹೈಫಾದಲ್ಲಿ ಡಾಕ್ಟ್ರು ಕೇಳಿದ್ರು ಸಾರ್. ನನ್ನೇ ಕೇಳಿದ್ದು. ನಂಗೂ ಹಿಂಗೇ ಆಗಿತ್ತು. ಅವತ್ತು ನೀವು ಇದನ್ನ ಕೇಳಿ ಅಂದಾಗ ನಾನು ಕೇಳ್ಲಿಲ್ಲ. ದಣಿವಾಗದಾ ಅಂತ ಕೇಳ್ದೆ. ಇವ್ರೇ ಬಾಯಿಬಿಟ್ಟು ಬದುಕೋಕೆ ಇಷ್ಟ ಇಲ್ಲ ಅಂದ್ರು. ನಾನು ಇಲ್ಲಿರೋಕೆ ಇಷ್ಟ ಇಲ್ಲ ಅಂತ ನಿಮ್ಗೆ ಹೇಳ್ದೆ. ಗೊತ್ತಿದ್ದೇ ಹೇಳ್ದೆ."

ಕೆಂಪರಾಜು "ಏನಮ್ಮ ಇದು" ಎಂದರು.

ಅವಳು ಏಳಲು ಹೋದಳು. ಡಾಕ್ಟರು ಕೈಸನ್ನೆಯಲ್ಲೇ ತಡೆದರು. "ಕೂತ್ಕೊಳಿ. ನಿಮ್ಮ ವಿಷಯ ಆಮೇಲೆ. ಮೊದ್ಲು ಇವ್ರ ಕೆಲಸ ಮುಗೀಲಿ. ಅವ್ರು ಕೇಳಿದ್ದಕ್ಕೆ ಅವ್ರ ಭಾಷೇಲೇ ಉತ್ತರ ಕೊಡಿ."

ಸುಚಿತ್ರಾ ಯೋರಾಮನ ಕಡೆ ತಿರುಗಿ, ನನಗೂ ಕಾಯಿಲೆಯಾಗಿತ್ತು, ನಿಮ್ಮ ಮಾತನ್ನು ಇವರಿಗೆ ತಪ್ಪಾಗಿ ಹೇಳಿದ್ದೆ, ನನಗೆ ನಾಚಿಕೆಯಾಗುತ್ತಿದೆ ಎಂದಳು. ಯೋರಾಮ್ ಕ್ಷಮಿಸಿದೆ ಎನ್ನಲಿಲ್ಲ, ಕೋಪವನ್ನೂ ತೋರಿಸಲಿಲ್ಲ. ಡಾಕ್ಟರ ಕಡೆ ತಿರುಗಿ ಮಾತಾಡಲು ಶುರುಮಾಡಿದ. ಹೆಂಡತಿಯ ಕೊನೆಯ ತಿಂಗಳಿನಿಂದ ಶುರುಮಾಡಿದ. ಮುಕ್ಕಾಲು ಗಂಟೆ ಮಾತಾಡಿದ. ಸುಚಿತ್ರಾ ಒಂದೊಂದು ವಾಕ್ಯವನ್ನೂ ತಿರುಗಿಸಿ ಹೇಳಿದಳು. ಗೊತ್ತಿಲ್ಲದ ಪದ ಬಂದಾಗ ಗೊತ್ತಿಲ್ಲ ಎಂದಳು.

ಆ ಮಧ್ಯಾಹ್ನವೇ ಅವನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸುವುದೆಂದಾಯಿತು. ಜೊತೆಗೆ ಕೆಂಪರಾಜು ಹೊರಟರು. ಎಲ್ಲರೂ ಎದ್ದ ಮೇಲೆ ಡಾಕ್ಟರು ಸುಚಿತ್ರಾಳನ್ನು ನಿಲ್ಲಿಸಿಕೊಂಡರು.

"ನಂಗೆ ಬರಲ್ಲ ಅಂದಿದ್ರೆ ನಾನು ಬೇರೆ ಯಾರನ್ನಾದ್ರೂ ಹುಡುಕ್ತಿದ್ದೆ" ಎಂದರು. "ಬರುತ್ತೆ ಅಂತ ಕೂತು ಬೇರೇನೋ ಹೇಳಿದ್ರಿ. ನಾನು ಅದನ್ನ ನಂಬಿ ಮಾತ್ರೆ ಬರೆದು ಕಳಿಸ್ದೆ. ಆ ಸೊಪ್ಪಿನಮ್ಮ ಒಂದು ನಿಮಿಷ ತಡ ಮಾಡಿದ್ರೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

"ನಿಮ್ಮನ್ನ ಬಯ್ಯೋಕೆ ಇಷ್ಟು ಸಾಕು" ಎಂದರು. "ಈಗ ನಿದ್ದೆ ಬರುತ್ತಾ ನಿಮ್ಗೆ?"

ಬರುತ್ತೆ ಎಂದಳು. ಆಮೇಲೆ, ಮೂರು ದಿನದಿಂದ ಇಲ್ಲ ಎಂದಳು. ಬೇಕೆನಿಸಿದಾಗ ಬನ್ನಿ ಎಂದು ಡಾಕ್ಟರು ಮುಂದಿನವರನ್ನು ಕರೆದರು.

ವಾಪಸು ಬರುವಾಗ ಸುಮೋದಲ್ಲಿ ಗಂಡ ಹೆಂಡತಿ ಇಬ್ಬರೇ. ಮಹೇಂದ್ರ ಊರ ದಾರಿಗೆ ತಿರುಗಿದವನು ಒಂದು ಹಿಪ್ಪುನೇರಳೆ ತೋಟದ ಪಕ್ಕ ಗಾಡಿ ನಿಲ್ಲಿಸಿದ. ಇಂಜಿನ್ ಆರಿಸಿದ. ಬೈಯುತ್ತಾನೆ ಎಂದುಕೊಂಡಳು. ಹೊಡೆದರೂ ಹೊಡೆಯಲಿ ಎಂದುಕೊಂಡಳು, ಅವನು ಯಾವತ್ತೂ ಕೈ ಮಾಡಿದವನಲ್ಲ.

"ಯಾವ ವರ್ಷ?" ಎಂದ.

"ಹೋದ ಎರಡನೇ ವರ್ಷ. ಎರಡು ಸಾವಿರದ ಮೂರು."

"ಯುಗಾದಿ ಆದ್ಮೇಲೆ."

"ಹೂಂ." ಆಮೇಲೆ ಅವಳಿಗೆ ಹೊಳೆಯಿತು. "ನಿಮ್ಗೆಂಗ್ ಗೊತ್ತು?"

ಮಹೇಂದ್ರ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ತೋಟದ ಕಡೆ ನೋಡುತ್ತ ಹೇಳಿದ. "ಒಂದು ಫೋನ್ ಬಂದಿತ್ತು. ನೀನು ಮಾಡೋ ಟೈಮಲ್ಲ ಅದು. ಒಂದು ಮುದುಕಿ ದನಿ. ಇಂಗ್ಲಿಷಲ್ಲಿ. ನಂಗೆ ಎಲ್ಲ ತಿಳೀಲಿಲ್ಲ ಕಣೆ, ನಿನ್ನೆಸ್ರು ತಿಳೀತು. ಸಿಕ್ ಅಂದ್ಲು, ಅದು ತಿಳೀತು. ಹಸ್ಬೆಂಡ್, ಟಾಕ್, ಕಮ್ ಅಂದ್ಲು."

"ನೀವೇನಂದ್ರಿ?"

"ರಾಂಗ್ ನಂಬರ್ ಅಂದೆ."

ರಸ್ತೆಯಲ್ಲಿ ಒಂದು ಫ್ಯಾಕ್ಟರಿ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅವನು ಗಾಜು ಏರಿಸಿ ಮುಂದುವರಿಸಿದ.

"ಹೆದ್ರಿಕೆ ಆಗ್ಬುಡ್ತು. ನೀನು ವಾಪಸ್ ಬಂದ್ಬುಟ್ರೆ ಏನ್ ಮಾಡೋದು ಅಂತ. ನೀನು ಕಳ್ಸೋ ದುಡ್ಡಲ್ಲಿ ಕಟ್ತಿದ್ದ ಮನೆ ಅರ್ಧಕ್ಕೆ ನಿಂತಿತ್ತು. ನಿಂಗೆ ಏನಾಗದೆ ಅಂತ ಕೇಳೋಕ್ ಮುಂಚೆ ನಂಗೆ ಅದು ಹೊಳೀತು. ಮಾರ್ನೆ ದಿನ ಇನ್ನೊಂದ್ಸಲ ಮಾಡಿದ್ಲು ಆಯಮ್ಮ. ಎತ್ತಿ ಸುಮ್ನೆ ಇಟ್ಬುಟ್ಟೆ. ಅಪ್ಪಂಗೂ ಹೇಳಿಲ್ಲ, ಅವ್ವಂಗೂ ಹೇಳಿಲ್ಲ. ಮುಂದಿನ್ ವಾರ ನೀನೇ ಮಾಡ್ದಲ್ಲ, ಚೆನ್ನಾಗಿವ್ನಿ ಅಂದೆ. ಸದ್ಯ ಅಂದ್ಕಂಡೆ."

ಮಿರಿಯಮ್ ಈ ಮಾತನ್ನು ಒಂದು ದಿನವೂ ಹೇಳಿರಲಿಲ್ಲ. ಊರಿನವರಿಗೆ ತಿಳಿಸುತ್ತೀರಾ ಎಂಬ ವಾಕ್ಯವನ್ನು ಸುಚಿತ್ರಾ ಹೇಳಿಕೊಡಿ ಎಂದಾಗ ಅವಳು ಯಾಕೆ ಅಷ್ಟು ಹೊತ್ತು ಕನ್ನಡಕ ಒರೆಸಿದ್ದಳು ಎಂಬುದು ಈಗ ತಿಳಿಯಿತು. ಆ ಮುದುಕಿ ಗಂಡನ ಮನೆಯವರ ನಾಚಿಕೆಯನ್ನೂ ಸೇರಿಸಿ ಹೊತ್ತುಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ತೀರಿಕೊಂಡು ಎರಡು ವರ್ಷವಾಗಿತ್ತು.

ಸುಚಿತ್ರಾ ಬಾಗಿಲು ತೆಗೆದು ಇಳಿದಳು. ಸ್ವಲ್ಪ ದೂರ ನಡೆದಳು. ಸಿಟ್ಟು ಬರುತ್ತದೆಂದು ಕಾದಳು, ಬಂತು, ಆದರೆ ನಿಲ್ಲಲಿಲ್ಲ. ಫೋನೆತ್ತಿ ಇಟ್ಟುಬಿಟ್ಟವನನ್ನು ಬೈಯಲು ಬಾಯಿ ತೆರೆದರೆ ಹಫೀಜಾಳ "ಹೆಸರು ಹೇಳಿ" ಎಂಬ ದನಿ ಕೇಳುತ್ತಿತ್ತು. ಅವನು ಮಾಡಿದ್ದನ್ನೇ ತಾನೂ ಮಾಡಿದ್ದಳು. ಅವನ ಹೆಂಡತಿ ಉಳಿದುಕೊಂಡಿದ್ದಳು, ಯೋರಾಮ್ ಉಳಿದುಕೊಂಡಿದ್ದ. ಎರಡರಲ್ಲೂ ಇವರಿಬ್ಬರ ಪುಣ್ಯ ಏನೂ ಇರಲಿಲ್ಲ. ತಿರುಗಿ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಆಮೇಲೆ ಬಹಳ ದಿನ ಇಬ್ಬರೂ ಅವಶ್ಯವಿದ್ದಷ್ಟೇ ಮಾತಾಡಿದರು.

ಯೋರಾಮ್ ಮೂರು ವಾರ ಆಸ್ಪತ್ರೆಯಲ್ಲಿದ್ದ. ಅವನ ಅಕ್ಕ ಬಂದು ಕರೆದುಕೊಂಡು ಹೋದಳು. ಹೋಗುವ ಮುಂಚೆ ಅವನು ಯಾರನ್ನೂ ನೋಡಬೇಕೆನ್ನಲಿಲ್ಲ. ಬೋರಮ್ಮನಿಗೆ ಮಾತ್ರ ಆಸ್ಪತ್ರೆಯಿಂದ ಒಂದು ಹೊಸ ಕುಕ್ಕೆ ಕೊಡಿಸಿ ಕಳಿಸಿದ್ದನಂತೆ. ಸುಚಿತ್ರಾ ಒಂದು ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ಬೋರಮ್ಮನ ಮುಂದೆ ನಿಂತು, ತಾನು ಮಾಡಿದ್ದನ್ನು ಹೇಳಿದಳು. ಬೋರಮ್ಮ ಕೊತ್ತಂಬರಿಯ ಮೇಲೆ ನೀರು ಚಿಮುಕಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಹೇಳ್ಬೇಕಿತ್ತು ನೀನು" ಎಂದಳು. ಅಷ್ಟೇ ಅಂದದ್ದು. ಆಮೇಲೆ ರೈಲು ಬಂತು.

ವಿಷಯ ಊರಿಗೆ ಹೇಗೋ ತಿಳಿಯಿತು. ಆ ಭಾಷೆಯಲ್ಲಿ ಒಂದು ಮಾತಾಡವ್ವ ಎನ್ನುವುದನ್ನು ಜನ ಬಿಟ್ಟರು. ನಲ್ಲಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಅಂಕಮ್ಮ ಕೆಲವು ದಿನ ಅವಳ ಕೈಗೆ ಈಳಿಗೆಮಣೆ ಕೊಡದೆ ತಾವೇ ತರಕಾರಿ ಹೆಚ್ಚಿದರು. ಯಾಕೆಂದು ಸುಚಿತ್ರಾ ಕೇಳಲಿಲ್ಲ. ಮುನಿರಾಮಯ್ಯ ಒಂದು ಸಂಜೆ ಪಕ್ಕದ ಮನೆಯ ಜಗುಲಿಯಲ್ಲಿ ಯಾರೋ ಏನೋ ಅಂದದ್ದಕ್ಕೆ ಎದ್ದು ಬಂದು, ಆಮೇಲೆ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದರು.

ದಸರಾ ರಜೆ ಶುರುವಾಗುವ ಮುಂಚಿನ ಒಂದು ಬೆಳಗ್ಗೆ ಸುಚಿತ್ರಾ ಮಗಳಿಗೆ ಜಡೆ ಹಾಕುತ್ತಿದ್ದಳು. ಸಿರಿ ಕನ್ನಡಿ ಹಿಡಿದುಕೊಂಡು, ಕನ್ನಡಿಯಲ್ಲೇ ತಾಯಿಯನ್ನು ನೋಡುತ್ತ, "ಅಮ್ಮ, ಅಲ್ಲಿದ್ದಾಗ ನಿಂಗೆ ಹುಚ್ಚು ಹಿಡಿದಿತ್ತಾ?" ಎಂದಳು.

ಬಾಚಣಿಗೆ ನಿಂತಿತು. "ಯಾರಂದ್ರು?"

"ಸ್ಕೂಲಲ್ಲಿ."

ಇಲ್ಲ ಎನ್ನುವುದು ಸುಲಭವಿತ್ತು. ಅದು ಅವಳ ನಾಲಗೆಯ ತುದಿಗೂ ಬಂದಿತ್ತು. "ಕಾಯಿಲೆ ಆಗಿತ್ತು" ಎಂದಳು. "ಮನಸ್ಸಿಗೆ ಆಗೋ ಕಾಯಿಲೆ. ಮಾತ್ರೆ ತಗೊಂಡೆ, ವಾಸಿ ಆಯ್ತು."

"ಯಾಕೆ ಆಗಿತ್ತು?"

"ಪೂರ್ತಿ ನಂಗೂ ಗೊತ್ತಿಲ್ಲ ಮಗ. ನಿನ್ನ ಬುಟ್ಟು ಹೋಗಿದ್ನಲ್ಲ, ಒಸಿ ಅದಕ್ಕೆ."

ಸಿರಿ ಯೋಚಿಸಿದಳು. "ಹಂಗಾದ್ರೆ ಯಾಕೆ ಹೋದೆ?"

ಇದಕ್ಕೆ ಸುಚಿತ್ರಾಳ ಹತ್ತಿರ ಕನ್ನಡದಲ್ಲೂ ವಾಕ್ಯವಿರಲಿಲ್ಲ. ಮುಖಕ್ಕೆ ಬಿಸಿಯೇರಿತು. ಕನ್ನಡಿಯಲ್ಲಿ ಮಗಳ ಕಣ್ಣು ಇನ್ನೂ ಅವಳ ಮೇಲೇ ಇತ್ತು. ಅವಳು ಬೇರೆ ಕಡೆ ನೋಡಲಿಲ್ಲ.

"ಹೇಳ್ತೀನಿ, ಕೂತ್ಕೋ" ಎಂದಳು. ಆ ದಿನ ಸಿರಿಗೆ ಸ್ಕೂಲ್ ಬಸ್ಸು ತಪ್ಪಿತು.